ಕಲ್ಲು ಸಾವಕಾರ್ರು ಮತ್ತು ನಾನು ಮಾಡಿದ ಇತರ ದೊಡ್ಡ ಮನುಷ್ಯರು

ಪುತ್ಥಳಿ ಮಾಡುವುದನ್ನು ಕಲಿಯಬೇಕು ಎಂದು ಈಗಲೂ ಆಗಾಗ ಹುಡುಗರು ಕಮರಿಪೇಟೆಯ ನಮ್ಮ ಮನೆಗೆ ಬರುತ್ತಾರೆ. ಅವರು ಕಲೆಯ ವಿಷಯ ಕೇಳುತ್ತಾರೆ, ನಾನು ಕಾಗೆಯ ವಿಷಯ ಹೇಳುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಂಡು ಕೆಲವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಹೋಗಲಿ. ಹುಬ್ಬಳ್ಳಿ ಧಾರವಾಡದ ದೊಡ್ಡ ಮನುಷ್ಯರನ್ನು ಮಣ್ಣಿನಲ್ಲಿ ಮೆತ್ತಿ, ಸಿಮೆಂಟಿನಲ್ಲಿ ಎರೆದು, ಕಟ್ಟೆಯ ಮೇಲೆ ನಿಲ್ಲಿಸುತ್ತಲೇ ಆಯುಷ್ಯ ಕಳೆದವನು ನಾನು. ನೀವು ಮಾಡಿದ ಮೂರ್ತಿಯನ್ನು ಊರು ಒಪ್ಪಬೇಕಾದರೆ ವರ್ಷಗಳು ಬೇಕು. ಕಾಗೆ ಮಾತ್ರ ಪರದೆ ಸರಿದ ದಿನವೇ ಒಪ್ಪಿಬಿಡುತ್ತದೆ. ಆದ್ದರಿಂದ ತಲೆಯ ಮೇಲೆ ಸಪಾಟು ಜಾಗ ಬಿಡಬೇಡಿ. ರುಮಾಲು ಸುತ್ತಿದ ಮನುಷ್ಯನಾದರೆ ಸುತ್ತುಗಳು ಇಳಿಜಾರಾಗಿರಲಿ. ಕುಳಿತ ಕಾಗೆಗೆ ಕಾಲು ಜಾರಿದರೆ ದೊಡ್ಡ ಮನುಷ್ಯನ ಮಾನ ಉಳಿಯುತ್ತದೆ.

ನನಗೆ ಸಿಕ್ಕ ಶಾಲುಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಅವುಗಳನ್ನು ಮೊಮ್ಮಕ್ಕಳು ಹೊದ್ದು ಹರಿದಿದ್ದಾರೆ. ಕೆಲಸ ನಿಜವಾಗಿ ಹೇಗಿತ್ತು ಅನ್ನುವುದನ್ನಷ್ಟೇ ಹೇಳುತ್ತೇನೆ.

ನಮ್ಮದು ಚಿತ್ರಗಾರರ ಮನೆತನ. ಅಪ್ಪ ಗಣಪತಿ ಮಾಡುತ್ತಿದ್ದ. ಶ್ರಾವಣ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಮನುಷ್ಯರು ಕಾಲಿಡಲು ಜಾಗವಿರುತ್ತಿರಲಿಲ್ಲ, ತುಂಬ ಸೊಂಡಿಲು. ನಾನು ಮುಂಬಯಿಗೆ ಹೋಗಿ ಮನುಷ್ಯರ ಮೂರ್ತಿ ಮಾಡುವುದನ್ನು ಕಲಿಯುತ್ತೇನೆ ಎಂದಾಗ ಅಪ್ಪ ಕೈಯೊಳಗಿನ ಮಣ್ಣು ಕೆಳಗಿಡದೆಯೇ ಹೇಳಿದ:

"ಹೋಗು, ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ತಿಳಕೋ. ನಮ್ಮ ಗಣಪ್ಪ ಭಾಳ ಶಾಣ್ಯಾ. ಮಂದೀಗೆ ಬ್ಯಾಸರ ಬರೂದ್ರಾಗ ಎದ್ದು ನೀರಿಗೆ ಹೋಗ್ತಾನ. ನೀ ಮಾಡೂ ಮಂದಿ ಹಂಗ ಹೋಗೂದಿಲ್ಲಪಾ. ಕುಂತ್ರ ಕುಂತ, ನಿಂತ್ರ ನಿಂತ."

ಮುಂಬಯಿಯಲ್ಲಿ ನನ್ನನ್ನು ಸೇರಿಸಿಕೊಂಡ ಮಾಸ್ತರರು ಆಗ ದೊಡ್ಡ ಹೆಸರಿನವರು. ಇಟಲಿಗೆ ಹೋಗಿ ಅಮೃತಶಿಲೆ ಆರಿಸಿಕೊಂಡು ಬಂದವರು. ಗವರ್ನರರು, ಜನರಲ್ಲುಗಳು, ಸಂಸ್ಥಾನದ ಮಹಾರಾಜರು, ಎಲ್ಲರೂ ಅವರ ಶೆಡ್ಡಿನಲ್ಲಿ ತುಂಡುತುಂಡಾಗಿ ಬಿದ್ದಿರುತ್ತಿದ್ದರು. ಮುಖ ಮಾಸ್ತರರು ಮಾಡುತ್ತಿದ್ದರು. ಕೈ ಹಿರಿಯ ಶಿಷ್ಯರಿಗೆ. ನನ್ನ ಪಾಲಿಗೆ ಬಂದದ್ದು ಗುಂಡಿಗಳು. ಬ್ರಿಟಿಷ್ ಸಾಮ್ರಾಜ್ಯದ ಗುಂಡಿಗಳನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಒಮ್ಮೆ ಬೇಸತ್ತು, "ಮುಖ ಯಾವಾಗ ಕಲಿಸ್ತೀರಿ?" ಎಂದು ಕೇಳಿದೆ. ಮಾಸ್ತರರು ಒಬ್ಬ ಜನರಲ್‌ನ ತಲೆಯಿಲ್ಲದ ಮೈ ತೋರಿಸಿ, "ಇವನು ಯಾರು?" ಎಂದರು. "ಜನರಲ್ ಸಾಹೇಬರು" ಎಂದೆ. ಆಚೆ ಬಿದ್ದಿದ್ದ ತಲೆ ತೋರಿಸಿ, "ಮತ್ತೆ ಇವನು?" ಎಂದರು. ಯಾರೋ ಹಲ್ಲು ನೋವಿರುವ ಮನುಷ್ಯನಂತೆ ಕಾಣುತ್ತಿತ್ತು. "ಹೋಗು, ಗುಂಡಿ ಮಾಡು" ಎಂದರು.

ಅಪ್ಪನ ಕಣ್ಣು ಮಂಜಾದವು ಎಂದು ನಾನು ಹುಬ್ಬಳ್ಳಿಗೆ ತಿರುಗಿ ಬಂದೆ. ಅಮೃತಶಿಲೆ ಕೊಳ್ಳುವ ಗಿರಾಕಿಗಳು ಇಲ್ಲಿರಲಿಲ್ಲ. ಆಗಿನ್ನೂ ಸಿಮೆಂಟು ಹೊಸ ವಸ್ತು. ಮೊದಲು ಮಣ್ಣಿನಲ್ಲಿ ಮಾಡಿ, ಅದರ ಮೇಲೆ ಗಿಲಾವಿನ ಅಚ್ಚು ತೆಗೆದು, ಅಚ್ಚಿನೊಳಗೆ ಕಬ್ಬಿಣದ ಸಳಿ ಕಟ್ಟಿ ಸಿಮೆಂಟು ಎರೆಯುತ್ತಿದ್ದೆ. ಒಳಗೆ ಪೊಳ್ಳು ಬಿಡಬೇಕು, ಇಲ್ಲದಿದ್ದರೆ ಎತ್ತಲು ಆನೆ ತರಬೇಕಾಗುತ್ತದೆ. ದೊಡ್ಡ ಮನುಷ್ಯರು ಒಳಗೆ ಪೊಳ್ಳು ಅನ್ನುವುದು ಹೀಗೆ ನನಗೆ ಮೊದಲು ಕಸುಬಿನಿಂದಲೇ ಗೊತ್ತಾದದ್ದು.

ಬಂದ ಹೊಸದರಲ್ಲಿ ಧಾರವಾಡದ ಸಾಹೇಬರ ಕ್ಲಬ್ಬಿಗೆಂದು ಕುದುರೆಯ ಮೇಲೆ ಕುಳಿತ ಒಬ್ಬ ಕರ್ನಲ್‌ನ ಚಿಕ್ಕ ಮೂರ್ತಿ ಮಾಡಿಕೊಟ್ಟೆ. ಒಯ್ಯಲು ಕ್ಲಬ್ಬಿನ ಚಕ್ಕಡಿ ಬರುವುದು ತಡವಾಗಿ, ಮೂರ್ತಿ ಕೆಲವು ದಿನ ಹುಬ್ಬಳ್ಳಿ ಸ್ಟೇಶನ್ನಿನ ಗೋದಾಮಿನ ಕಟ್ಟೆಯ ಮೇಲೆ ನಿಂತಿತು. ಕುದುರೆ, ಮೀಸೆ, ಕೈಯಲ್ಲಿ ಖಡ್ಗ. ಮೈಲಾರಲಿಂಗನಿಗೆ ಇನ್ನೇನು ಬೇಕು? ಹಮಾಲರು ದಿನಾಲು ಭಂಡಾರ ಎರಚಿ ಕೈಮುಗಿದೇ ಮೂಟೆ ಎತ್ತುತ್ತಿದ್ದರು. ಕ್ಲಬ್ಬಿಗೆ ಮುಟ್ಟುವಾಗ ಕರ್ನಲ್ ಸಾಹೇಬ ಅಡಿಯಿಂದ ಮುಡಿಯವರೆಗೆ ಅರಿಶಿನ ಬಣ್ಣ. ಎಷ್ಟು ತೊಳೆದರೂ ಮೀಸೆಯ ಸಂದಿನಲ್ಲಿ ಉಳಿದೇ ಉಳಿಯಿತು. ಕ್ಲಬ್ಬಿನ ಕಾರ್ಯದರ್ಶಿ ನನಗೆ ಬೈದ. ಹಮಾಲರ ಮುಖಂಡನೂ ಬೈದ, "ದೇವರನ್ನ ದಾರೂ ಕುಡ್ಯೂ ಮಂದಿ ಮನೀಗೆ ಯಾಕ ಕಳಿಸಿದಿರಿ?" ಎಂದು.

ಇಷ್ಟೆಲ್ಲ ಪೀಠಿಕೆ. ಹೇಳಬೇಕಾದದ್ದು ಚನ್ನವೀರಪ್ಪ ಸಾವಕಾರ್ರ ಕಥೆ.

ಚನ್ನವೀರಪ್ಪ ಸಾವಕಾರ್ರು ಅರಳೆ ವ್ಯಾಪಾರಿ. ಸುತ್ತಲಿನ ಹಳ್ಳಿಗಳ ಅರಳೆ ಅವರ ಅಂಗಡಿಯ ಮುಂದೆಯೇ ಚಕ್ಕಡಿ ಇಳಿಯುತ್ತಿತ್ತು. ಪೇಟೆಯ ನಡುವೆ ಜನಕ್ಕೂ ದನಕ್ಕೂ ಕುಡಿಯಲೆಂದು ನೀರಿನ ಟಾಕಿ ಕಟ್ಟಿಸಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಸರಕಾರವೆಂದರೆ ಎದೆ ಡವಡವ. ಕಚೇರಿಯ ಪಟ್ಟೇವಾಲಾ ಬಂದರೂ ಎದ್ದು ನಿಲ್ಲುತ್ತಿದ್ದರು. ಅವರಿಗೆ ಇದ್ದ ಒಂದೇ ಆಸೆ ರಾವಸಾಹೇಬ ಎಂಬ ಪದವಿ. ಟಾಕಿ ನೋಡಲು ಬಂದ ಕಲೆಕ್ಟರರು, ವಿಲಾಯತಿಯಲ್ಲಿ ದಾನಿಗಳು ಬದುಕಿರುವಾಗಲೇ ಅವರ ಪುತ್ಥಳಿ ನಿಲ್ಲಿಸುತ್ತಾರೆ ಎಂದು ಮಾತಿಗೆ ಹೇಳಿ ಹೋದರು. ಸಾವಕಾರ್ರು ಅದನ್ನು ಹುಕುಂ ಎಂದು ತಿಳಿದರು.

"ರಾಮಣ್ಣಾ, ಸಾಹೇಬ್ರ ಇಚ್ಛಾ ಐತಿ. ನಮ್ಮ ಟಾಕಿ ಮುಂದ ನಾವs ನಿಲ್ಲಬೇಕಂತ. ಹೊಟ್ಟಿ ಒಂದೀಟು ಕಡಿಮಿ ಮಾಡು. ಕೈಯಾಗ ಕೋಲು ಇರಲಿ, ಬೆಳ್ಳಿ ಹಿಡಕಿದು. ನೋಡಿದವರು ಹೌದು ಅನಬೇಕು."

ಹೊಟ್ಟೆ ಕಡಿಮೆ ಮಾಡಿದೆ. ಈ ಕಸುಬಿನಲ್ಲಿ ಅದು ಮೊದಲ ಪಾಠ. ಬಲಗೈಯನ್ನು ಮುಷ್ಟಿ ಹಿಡಿದಂತೆ ಮಾಡಿ, ನಡುವೆ ತೂತು ಬಿಟ್ಟು, ಅದರಲ್ಲಿ ಸಾವಕಾರ್ರದೇ ಬೆಳ್ಳಿ ಹಿಡಿಕೆಯ ಕೋಲು ಸಿಗಿಸಿದೆ. ಕೋಟು, ಧೋತರ, ರುಮಾಲು. ಗುಂಡಿಗಳು ಬಹಳ ಚೆನ್ನಾಗಿ ಬಂದವು.

ಕಲೆಕ್ಟರರು ಬಂದು ಹಗ್ಗ ಎಳೆದರು. ಪರದೆ ಕೋಲಿನ ಹಿಡಿಕೆಗೆ ಸಿಕ್ಕಿಕೊಂಡಿತು. ಸಾಹೇಬರು ಎಳೆದರು, ಸಾವಕಾರ್ರು ಅಲುಗಾಡಿದರು, ಕಟ್ಟೆಯ ಮೇಲಿನವರೂ ಕಟ್ಟೆಯ ಕೆಳಗಿನವರೂ. ನಾನು ಓಡಿಹೋಗಿ ಬಿಡಿಸಿದೆ. ಬ್ಯಾಂಡು ಬಾರಿಸಿತು. ಮುಂದಿನ ಸಾಲಿನಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಹಳ್ಳಿಯ ಮುದುಕಿಯೊಬ್ಬಳು ಮೂರ್ತಿ ನೋಡಿದ್ದೇ ಬುಟ್ಟಿ ಇಳಿಸಿ ಎದೆ ಬಡಿದುಕೊಂಡಳು.

"ಯಪ್ಪಾ ನಮ್ಮಪ್ಪಾ! ಸಾವಕಾರ್ರು ಯಾವಾಗ ಹ್ವಾದ್ರೋ?"

ಸಾವಕಾರ್ರು ಮುಂದೆ ಬಂದು, "ಏ ಮುದುಕಿ, ನಾ ಇಲ್ಲೇ ಅದೇನಿ" ಎಂದರು.

ಮುದುಕಿ ಅವರನ್ನು ನೋಡಿದಳು, ಮೂರ್ತಿಯನ್ನು ನೋಡಿದಳು. ಕಣ್ಣೊರೆಸಿಕೊಂಡು, "ಹಂಗಾರ ಇಂವ ಯಾರು, ನಿಮ್ಮ ಅಣ್ಣೇನು? ಪಾಪ, ನಿಮಕಿಂತ ಛಲೋ ಇದ್ದ" ಎಂದಳು.

ಕಲೆಕ್ಟರರಿಗೆ ಅದನ್ನು ಯಾರೂ ತರ್ಜುಮೆ ಮಾಡಿ ಹೇಳಲಿಲ್ಲ.

ಆ ಮುದುಕಿಯ ತಪ್ಪೇನೂ ಇರಲಿಲ್ಲ. ಕಸುಬಿಗೆ ಬರುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮೂರ್ತಿ ಎಂದರೆ ಎಲ್ಲ ದೇಶದಲ್ಲೂ ಒಂದೇ ಅರ್ಥವಲ್ಲ. ಗ್ರೀಸ್ ದೇಶದವರು ಓಟದಲ್ಲಿ ಗೆದ್ದವನ ಮೂರ್ತಿ ನಿಲ್ಲಿಸುತ್ತಿದ್ದರಂತೆ, ಬಟ್ಟೆ ಸಹ ಇಲ್ಲದೆ. ಈಜಿಪ್ತಿನ ಅರಸರು ಹಿಂದಿನವನ ಮೂರ್ತಿಯ ಮೇಲಿದ್ದ ಹೆಸರು ಕೆರೆದು ತಮ್ಮದು ಬರೆಸುತ್ತಿದ್ದರಂತೆ, ಬಾಡಿಗೆ ಮನೆಯ ಬಾಗಿಲಿಗೆ ಹೊಸ ಪಾಟಿ ಹೊಡೆದ ಹಾಗೆ. ಇಂಗ್ಲಿಷರು ತಾವು ಇಲ್ಲದಾಗಲೂ ನಮ್ಮ ಮೇಲೆ ಕಣ್ಣಿಟ್ಟಿರಲಿ ಎಂದು ನಿಲ್ಲಿಸಿದರು. ಇದೆಲ್ಲ ನಮ್ಮ ಮಾಸ್ತರರು ಹೇಳಿದ್ದು. ನಮ್ಮ ಕಡೆ ಹಾಗಲ್ಲ. ನಮ್ಮಲ್ಲಿ ಮನುಷ್ಯನಿಗೆಂದು ಕಲ್ಲು ನಿಲ್ಲಿಸಿದರೆ ಅದು ವೀರಗಲ್ಲು. ದನ ಬಿಡಿಸಲು ಹೋಗಿ ಸತ್ತ, ಊರು ಕಾಯಲು ಹೋಗಿ ಸತ್ತ, ಅಂಥವನಿಗೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತಿರುವುದು. ಸುತ್ತಲಿನ ಹಳ್ಳಿಗಳಲ್ಲಿ ಹುಡುಕಿಕೊಂಡು ಹೋಗಿ ನೋಡಿದ್ದೇನೆ, ಎಲ್ಲ ವೀರರಿಗೂ ಒಂದೇ ಮುಖ. ಕೆತ್ತಿದವನಿಗೆ ಮುಖದ ಹಂಗಿರಲಿಲ್ಲ. ಅವನು ಕೆತ್ತಿದ್ದು ಸಾವನ್ನು. ಸಾಯದೆ ಕಲ್ಲಾದ ಮನುಷ್ಯ ಎಂದರೆ ಚನ್ನವೀರಪ್ಪ ಸಾವಕಾರ್ರೇ ಮೊದಲಿಗರು.

ಸಾವಕಾರ್ರು ತೀರಿಕೊಂಡರೆಂಬ ಸುದ್ದಿ ಹಳ್ಳಿಗಳಿಗೆ ಹರಡಿತು. ಚಕ್ಕಡಿ ಕಟ್ಟಿಕೊಂಡು ರೈತರು ಅರಳೆ ತರುವ ಬದಲು ಮಾತಾಡಿಸಿ ಹೋಗಲು ಬಂದರು. ರಾಣೇಬೆನ್ನೂರು ಕಡೆಯ ನೆಂಟರು ಬೀದಿಯ ತುದಿಯಿಂದಲೇ ದನಿ ತೆಗೆದು ಅಳುತ್ತ ಬಂದರು. ಬಾಗಿಲಲ್ಲಿ ಸಾವಕಾರ್ರ ಹೆಂಡತಿ ನೀಲವ್ವನವರು ಹಣೆ ತುಂಬ ಕುಂಕುಮ ಇಟ್ಟುಕೊಂಡು ನಿಂತಿದ್ದರು. ನೆಂಟರು ಅಳುವುದನ್ನು ನಡುವೆಯೇ ನಿಲ್ಲಿಸಿದರು. ಒಳಗಿನಿಂದ ಸಾವಕಾರ್ರು, "ಯಾರು ಬಂದ್ರು?" ಎಂದು ಕೇಳಿದರಂತೆ.

ನೀಲವ್ವನವರು ನನಗೆ ಹೇಳಿಕಳಿಸಿದರು. ಹೋದೆ. ಕುಳಿತುಕೊಳ್ಳಲು ಹೇಳಲಿಲ್ಲ.

"ನೀನೇನಪಾ ನನ್ನ ಕುಂಕುಮಕ್ಕ ಕೈ ಹಾಕಿದಾಂವ?"

"ಅಕ್ಕಾರ, ಹಂಗ್ಯಾಕ ಅಂತೀರಿ? ವಿಲಾಯತಿಯೊಳಗ..."

"ವಿಲಾಯತಿಯೊಳಗ ನಾ ಇಲ್ಲ. ನಾ ಹುಬ್ಬಳ್ಳ್ಯಾಗ ಅದೇನಿ. ಮುಂಜಾನೆದ್ದು ನೀರಿಗೆ ಹ್ವಾದ್ರ ಮಂದಿ ನನ್ನ ಕೊರಳ ನೋಡ್ತಾರ, ತಾಳಿ ಐತೋ ಇಲ್ಲೋ ಅಂತ. ಮೊದಲಿನ ಕಾಲದಾಗ ಗಂಡಗ ಕಲ್ಲು ನಿಲ್ಲಿಸಿದ್ರ ಬಾಜೂಕ ಹೆಂಡತೀಗೂ ಒಂದು ನಿಲ್ಲಸ್ತಿದ್ರು. ಬಳಿ ಹಾಕಿದ ಕೈ ಕೆತ್ತಿ. ಹೌದಿಲ್ಲೋ? ನನ್ನ ಕೈನೂ ಕೆತ್ತಿಬಿಡು, ಒಂದs ಸಲಕ್ಕ ಮುಗದಹೋಗ್ಲಿ."

ಅವರು ಹೇಳಿದ್ದು ಮಾಸ್ತಿಕಲ್ಲಿನ ವಿಷಯ, ಗಂಡನ ಚಿತೆ ಏರಿದವಳಿಗೆ ನಿಲ್ಲಿಸುವ ಕಲ್ಲು. ಮುಂಬಯಿಯಲ್ಲಿ ಯಾರೂ ನನಗೆ ಮೂರ್ತಿಯ ಮನೆಯೊಳಗೆ ಒಬ್ಬಳು ಹೆಂಡತಿ ಇರುತ್ತಾಳೆ ಎಂದು ಹೇಳಿರಲಿಲ್ಲ. ಅಷ್ಟರಲ್ಲಿ ಸಾವಕಾರ್ರು ಬಂದು, "ಸಾಹೇಬ್ರ ಇಚ್ಛಾದಿಂದ ನಿಂತದ್ದು, ತಗ್ಯಾಕ ಬರೂದಿಲ್ಲ" ಎಂದರು. ನೀಲವ್ವನವರು ಗಂಡನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತ, "ನಿಂತಾಂವಗ ಹೇಳು, ಇನ್ನ ಮ್ಯಾಲ ಊಟ ಟಾಕಿ ಮುಂದs ಮಾಡು ಅಂತ" ಎಂದು ಒಳಗೆ ಹೋದರು. ಆಮೇಲೆ ಅವರು ಪೇಟೆಯ ಆ ದಾರಿಯನ್ನೇ ತುಳಿಯಲಿಲ್ಲ.

ಮೂರ್ತಿಯ ಬೆಳ್ಳಿ ಹಿಡಿಕೆಯ ಕೋಲು ಒಂದು ತಿಂಗಳೂ ಬಾಳಲಿಲ್ಲ, ಯಾರೋ ಕದ್ದರು. ಮುಷ್ಟಿಯೊಳಗಿನ ತೂತು ಉಳಿಯಿತು. ಕಾಯಿಪಲ್ಲೆ ಮಾರುವ ಫಾತಿಮಾಬಿ ಅದರಲ್ಲಿ ತನ್ನ ಕೊಡೆ ಸಿಗಿಸಿ, ಸಾವಕಾರ್ರ ಕಾಲಬುಡದ ನೆರಳಿನಲ್ಲಿ ಕೊತ್ತಂಬರಿ ಹರವಿದಳು. ಸಾವಕಾರ್ರು ದಿನಾ ಮುಂಜಾನೆ ಬಂದು ಗದರಿಸುವರು. ಆಕೆ ಕೊಡೆ ತೆಗೆಯುವಳು, ಅವರು ಹೋದ ಮೇಲೆ ಮತ್ತೆ ಸಿಗಿಸುವಳು. ಒಮ್ಮೆ ನನ್ನ ಎದುರಿಗೇ, "ನೀವ್ ಯಾಕ್ ಸಿಟ್ ಆಗ್ತೀರಿ? ಆ ಸಾವಕಾರ್ರು ಏನೂ ಅನ್ನಾಂಗಿಲ್ಲ" ಎಂದಳು.

ಪೇಟೆಯೇ ಅವಳ ಮಾತು ಹಿಡಿದುಕೊಂಡಿತು. ಅಲ್ಲಿಂದ ಮುಂದೆ ಇಬ್ಬರು ಸಾವಕಾರ್ರಾದರು, ಗಾದಿ ಸಾವಕಾರ್ರು ಮತ್ತು ಕಲ್ಲು ಸಾವಕಾರ್ರು. ತೂಕದಲ್ಲಿ ತಕರಾರು ಬಂದರೆ ಜನ ಕಟ್ಟೆಯ ಹತ್ತಿರ ಹೋಗಿ, "ಕಲ್ಲು ಸಾವಕಾರ್ರ ಆಣಿ" ಎಂದು ಆಣೆ ಮಾಡತೊಡಗಿದರು. ಗಾದಿ ಸಾವಕಾರ್ರ ಹತ್ತಿರ ಧಾರಣೆಗೆ ಚೌಕಾಸಿ ಮಾಡಿ ಸೋತ ರೈತ ಬಂದು ಕಲ್ಲು ಸಾವಕಾರ್ರ ಹತ್ತಿರ ತಕರಾರು ಹೇಳಿಕೊಂಡು ಹೋಗುತ್ತಿದ್ದ. ಸಾವಕಾರ್ರು ನನ್ನ ಅಂಗಡಿಗೆ ಬಂದು ಕುಳಿತು ನಿಟ್ಟುಸಿರು ಬಿಡುತ್ತಿದ್ದರು.

"ಅಲ್ಲೋ ರಾಮಣ್ಣಾ, ನಾ ನೀರು ಕೊಟ್ಟೆ, ಧರ್ಮ ಮಾಡಿದೆ. ಮಂದಿ ಅವಗ ಕೈಮುಗೀತಾರ. ಅವಗ ಗೊತ್ತರೇ ಐತೇನು ಟಾಕಿ ಕಟ್ಟಾಕ ನನಗ ಏನೇನ ಆತು ಅಂತ?"

ತನ್ನದೇ ಮೂರ್ತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯನನ್ನು ನಾನು ಕಂಡದ್ದು ಅವರೊಬ್ಬರನ್ನೇ. ನಗು ಬರುತ್ತಿತ್ತು, ಆದರೆ ಅವರ ಮುಖ ನೋಡಿದರೆ ನಗಲು ಆಗುತ್ತಿರಲಿಲ್ಲ. ಅವರು ಮುದುಕರಾಗುತ್ತಿದ್ದರು, ಕಟ್ಟೆಯ ಮೇಲಿನವರು ಆಗುತ್ತಿರಲಿಲ್ಲ.

ಆಮೇಲೆ ಚಳವಳಿಯ ಗಾಳಿ ಬಂತು. ಉಪ್ಪು, ಖಾದಿ, ಪ್ರಭಾತಫೇರಿ. ಒಂದು ದಿನ ಬೆಳಕು ಹರಿದು ನೋಡಿದರೆ ಕಲ್ಲು ಸಾವಕಾರ್ರ ಮುಷ್ಟಿಯಲ್ಲಿ ಚರಕದ ಬಾವುಟ ಹಾರಾಡುತ್ತಿದೆ. ಪೊಲೀಸರು ಬಂದು ಕಿತ್ತೊಯ್ದರು. ಮರುದಿನ ಮತ್ತೊಂದು. ಹಾಗೆಯೇ ಹಲವು ದಿನ ನಡೆಯಿತು. ಫಾತಿಮಾಬಿ ಕೊಡೆ ಸಿಗಿಸಲು ಜಾಗವಿಲ್ಲ ಎಂದು ಗೊಣಗುತ್ತ ಬಾವುಟದ ನೆರಳಿನಲ್ಲೇ ಕೂತಳು. ಊರಿನ ಫೌಜದಾರನಿಗೆ ತಲೆ ಕೆಟ್ಟಿತು. ಅವನು ಹೊಸಬ, ಬಿಸಿರಕ್ತದವ. ಮೂರ್ತಿ ಯಾರದ್ದೋ ಅವರೇ ಬಂದು ಸಾರ್ವಜನಿಕರ ಎದುರು ಬಾವುಟ ತೆಗೆಯಬೇಕು ಎಂದು ಹುಕುಂ ಮಾಡಿದ. ಸಾವಕಾರ್ರನ್ನು ಟಾಂಗಾದಲ್ಲಿ ಕರೆಸಿದ. ಮೂರ್ತಿಯ ಕೈ ಮುರಿದೀತು ಎಂದು ಅದನ್ನು ಮಾಡಿದ ನನ್ನನ್ನೂ ಕರೆಸಿದ.

ಪೇಟೆ ತುಂಬ ಜನ. ಲಾಠಿ ಹಿಡಿದ ಪೊಲೀಸರು ಸುತ್ತಲೂ ನಿಂತಿದ್ದರು. ಹಿಂದಿನ ವಾರ ಇದೇ ಪೇಟೆಯಲ್ಲಿ ಹೊಡೆತ ಬಿದ್ದು ಹಲವರ ತಲೆ ಒಡೆದಿತ್ತು, ಅದು ಎಲ್ಲರ ಕಣ್ಣಲ್ಲೂ ಇತ್ತು. ಒಂದು ಕಲ್ಲು ತೂರಿ ಬಂದರೆ ಮುಗಿಯಿತು ಎನ್ನುವ ಹಾಗಿತ್ತು. ಸಿಂಪಿಗನ ಅಂಗಡಿಯಿಂದ ಸ್ಟೂಲು ತಂದಿಟ್ಟರು. ಸಾವಕಾರ್ರು ನನ್ನ ಹೆಗಲು ಹಿಡಿದು ಹತ್ತಿದರು.

ಮೇಲೆ ಹತ್ತಿದ ಮೇಲೆ ಇಬ್ಬರು ಸಾವಕಾರ್ರ ಮುಖ ಎದುರುಬದುರಾದವು. ಕಟ್ಟೆಯ ಮೇಲೆ ನಿಲ್ಲಿಸಿದಾಗಿನಿಂದ ಸಾವಕಾರ್ರು ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವರು ಬಾವುಟದ ಕೋಲಿಗೆ ಕೈ ಹಚ್ಚಿದರು. ಆದರೆ ಜಗ್ಗಲಿಲ್ಲ. ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು:

"ರಾಮಣ್ಣಾ, ಇಂವ ಬಿಡವಲ್ಲನೋ."

ಕೋಲು ತೂತಿನಲ್ಲಿ ಸಡಿಲವಾಗಿ ಅಲ್ಲಾಡುತ್ತಿತ್ತು. ಮಗು ಜಗ್ಗಿದರೂ ಬರುವಂತಿತ್ತು. ಅದು ನನಗೂ ಕಾಣುತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, "ಬರೂದಿಲ್ರಿ ಸಾವಕಾರ್ರ. ಈ ಸಲ ಸಿಮೆಂಟ್ ಹಿಡಕೊಂಡೈತಿ."

"ಹಂಗಾದ್ರ ಕೈ ಒಡದು ತಗೀರಿ" ಎಂದ ಫೌಜದಾರ.

ಸಾವಕಾರ್ರು ಸ್ಟೂಲಿನ ಮೇಲಿಂದಲೇ ತಿರುಗಿದರು. ಅವರ ದನಿ ನಡುಗುತ್ತಿತ್ತು, ಆದರೆ ಹಿಂದಿನ ಸಾಲಿಗೂ ಕೇಳಿಸಿತು.

"ಫೌಜದಾರ ಸಾಹೇಬ್ರ, ನನ್ನ ಕೈ ನಾ ಒಡ್ಯಾಂಗಿಲ್ಲರಿ. ಮತ್ತ ಬಾವುಟ ಹಿಡದಾಂವ ನಾ ಅಲ್ಲ, ಇಂವ. ಗುನ್ಹೆ ಇವಂದು. ಬೇಕಾದ್ರ ಇವನ್ನ ಹಿಡಕೊಂಡ ಹೋಗ್ರಿ."

ಮೊದಲು ಫಾತಿಮಾಬಿ ನಕ್ಕಳು. ಆಕೆಯ ಹಿಂದೆ ಹಮಾಲರು, ಸಿಂಪಿಗ, ಅರಳೆ ಅಂಗಡಿಯವರು, ಕೊನೆಗೆ ಲಾಠಿ ಹಿಡಿದಿದ್ದ ಪೊಲೀಸರಲ್ಲಿ ಕೆಲವರು. ಅಷ್ಟು ದೊಡ್ಡ ನಗು ಆ ಪೇಟೆಯಲ್ಲಿ ನಾನು ಮತ್ತೆ ಕೇಳಿಲ್ಲ. ನಗುವ ಜನರ ಮೇಲೆ ಲಾಠಿ ಬೀಸಲು ಫೌಜದಾರನಿಗೆ ಆಗಲಿಲ್ಲ, ಬಾವುಟ ಬಿಟ್ಟು ಹೋಗಲೂ ಆಗಲಿಲ್ಲ. ಮುಖ ಕೆಂಪು ಮಾಡಿಕೊಂಡು ಚಕ್ಕಡಿ ತರಿಸಿದ. ಕಲ್ಲು ಸಾವಕಾರ್ರನ್ನು ಕಟ್ಟೆಯಿಂದ ಇಳಿಸಿ, ಹಗ್ಗ ಕಟ್ಟಿ, ಬಾವುಟದ ಸಮೇತ ಚಕ್ಕಡಿಯಲ್ಲಿ ಮಲಗಿಸಿ ಪೊಲೀಸ್ ಚಾವಡಿಗೆ ಒಯ್ದರು. ಅಂಗಾತ ಮಲಗಿದ್ದರಿಂದ ಬಾವುಟ ಚಕ್ಕಡಿಯ ಹಿಂದೆ ಚಾಚಿಕೊಂಡು ಜನರ ಮುಖದ ಮುಂದೆಯೇ ಹಾರಾಡುತ್ತಿತ್ತು. ಜನ ಜೈಕಾರ ಹಾಕುತ್ತ ಹಿಂದೆ ಹೋದರು. ಸರಕಾರದ ಖರ್ಚಿನಲ್ಲಿಯೇ ಒಂದು ಮೆರವಣಿಗೆ ಆಯಿತು.

ನಾನು ಸಾವಕಾರ್ರನ್ನು ಮನೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಅವರು ಬೆವರು ಒರೆಸಿಕೊಳ್ಳುತ್ತ, "ಹೋತು, ರಾವಸಾಹೇಬ್ಕಿ ಹೋತು" ಎನ್ನುತ್ತಿದ್ದರು. ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ನೀಲವ್ವನವರು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಗಂಡನ ಕಾಲ ಮೇಲೆ ತಾವೇ ನೀರು ಹಾಕಿ ಹೇಳಿದರು:

"ಇವತ್ತ ಊರ ಮಂದೀಗೆ ಗೊತ್ತಾತು ನೋಡ್ರಿ, ನೀವು ಜೀವಂತ ಅದೀರಿ ಅಂತ."

ರಾವಸಾಹೇಬ ಪದವಿ ಬರಲೇ ಇಲ್ಲ. ಸರಕಾರಿ ಸಮಾರಂಭಗಳ ಆಮಂತ್ರಣವೂ ನಿಂತಿತು. ಕಲ್ಲು ಸಾವಕಾರ್ರು ಚಾವಡಿಯ ಅಂಗಳದಲ್ಲಿ ನಿಂತರು, ಖಟ್ಲೆಯಿಲ್ಲದ ಕೈದಿ. ಪೊಲೀಸರು ಅವರ ಮೊಣಕೈಗೆ ತಮ್ಮ ಸೊಂಟದ ಪಟ್ಟೆ ತೂಗುಹಾಕಿದರು, ಫೌಜದಾರ ಕುದುರೆ ಕಟ್ಟಿದ. ಸಾವಕಾರ್ರು ಟಾಂಗಾದಲ್ಲಿ ಆ ಕಡೆ ಹೋಗುವಾಗ ಗೋಡೆಯ ಮೇಲಿಂದ ಇಣುಕುತ್ತಿದ್ದರು. ನಾನು ಸಿಕ್ಕರೆ ಕೇಳುವರು:

"ಹ್ಯಾಂಗ ಅದಾನೋ ನಮ್ಮಾಂವ?"

"ಜೈಲಿನ ಊಟ ಒಗ್ಗಿಲ್ಲರಿ. ಬಡಕಾಗ್ಯಾನ."

"ಹೊಟ್ಟಿ ಮೊದಲs ಇದ್ದಿದ್ದಿಲ್ಲ ಅವಗ" ಎಂದು ನಗುವರು. ಆ ಹೊತ್ತಿಗೆ ಅವರಿಗೆ ಅವನ ಮೇಲಿನ ಹೊಟ್ಟೆಕಿಚ್ಚು ಹೋಗಿತ್ತು. ಒಂದು ರೀತಿಯ ಕಾಳಜಿ ಬಂದಿತ್ತು. ಜೈಲಿಗೆ ಹೋದ ಮಗನ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಯುದ್ಧದ ಕಾಲದಲ್ಲಿ ಸಾವಕಾರ್ರು ಜ್ವರ ಬಂದು ತೀರಿಕೊಂಡರು. ಮಣ್ಣಿಗೆ ಬಂದ ಹಳ್ಳಿಯವರಲ್ಲಿ ಅನೇಕರು, "ಈ ಸಲ ಖರೇನ ಹೋಗ್ಯಾರೇನು?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಅತ್ತರು.

ಸ್ವಾತಂತ್ರ್ಯ ಬಂದ ಮೇಲೆ ಮೂರ್ತಿಗಳ ಸುಗ್ಗಿ ಬಂತು. ಸಾಹೇಬರು ಇಳಿದರು, ನಮ್ಮವರು ಏರಿದರು. ಕಟ್ಟೆಗಳು ಅವೇ. ನಮ್ಮ ಭಾಗದ ಒಬ್ಬ ಹಿರಿಯ ಚಳವಳಿಗಾರರ ಮೂರ್ತಿಯನ್ನು ಟಾಕಿಯ ಮುಂದೆ ಲಗುಬಗೆಯಿಂದ ನಿಲ್ಲಿಸಬೇಕು ಎಂದು ಪುರಸಭೆಯ ಹಿರಿಯರೊಬ್ಬರು ನನ್ನನ್ನು ಕರೆಸಿದರು. ಹೊಸದಾಗಿ ಮಾಡಲು ಬಹಳ ತಿಂಗಳು ಬೇಕು ಎಂದೆ.

"ಹೊಸಾದು ಯಾಕ? ಚಾವಡ್ಯಾಗ ಚನ್ನವೀರಪ್ಪನವರದು ಬಿದ್ದೈತಲ್ಲ. ಮೈ ಐತಿ, ಕೈಯಾಗ ಬಾವುಟ ಸಿಗಿಸೂ ತೂತೂ ಐತಿ. ತಲಿ ಅಷ್ಟ ಬದಲ ಮಾಡ್ರಿ."

ನನಗೆ ಮೊದಲು ಕೆಟ್ಟೆನಿಸಿತು. ಆಮೇಲೆ, ಮಾಸ್ತರರು ಇಟಲಿಯಲ್ಲಿ ಕಂಡು ಬಂದು ಹೇಳಿದ್ದು ನೆನಪಾಯಿತು. ಹಳೆಯ ರೋಮಿನವರು ಮೈಗಳನ್ನು ಮೊದಲೇ ಮಾಡಿಟ್ಟುಕೊಂಡು ಕೊರಳಲ್ಲಿ ಕುಣಿ ಬಿಟ್ಟಿರುತ್ತಿದ್ದರಂತೆ. ಅಧಿಕಾರ ಬದಲಾದರೆ ತಲೆ ಬದಲು. ನಾವು ಹೊಸ ಪಾಪವನ್ನೇನೂ ಮಾಡುತ್ತಿರಲಿಲ್ಲ. ಆದರೂ ನೀಲವ್ವನವರನ್ನು ಕೇಳದೆ ಉಳಿ ಹಚ್ಚುವುದಿಲ್ಲ ಎಂದೆ.

ಹೋದಾಗ ಅವರು ಪಡಸಾಲೆಯಲ್ಲಿ ಕುಳಿತು ಅರಳೆಯೊಳಗಿನ ಕಾಳು ಬಿಡಿಸುತ್ತಿದ್ದರು. ಈ ಸಲ ಕುಳಿತುಕೊಳ್ಳಲು ಹೇಳಿದರು. ನಾನು ಹೇಳುವುದನ್ನೆಲ್ಲ ಕೇಳಿದರು. ಅವರಿಗೆ ನೋವಾದೀತು ಎಂದು ನಾನು ಮಾತು ಸುತ್ತಿ ಸುತ್ತಿ ಹೇಳುತ್ತಿದ್ದೆ.

"ಸಿಟ್ಟು ಬಂತೇನ್ರಿ ಅಕ್ಕಾರ?"

"ಯಾಕ ಸಿಟ್ಟು? ಮೈ ಊರಿಗೆ ಬೇಕಂದ್ರ ಇಟಗೊಳ್ಳಿ. ಅವರು ಇದ್ದಾಗನೂ ಹಂಗs, ಮೈ ಎಲ್ಲಾ ಪ್ಯಾಟ್ಯಾಗ, ಮನೀಗೆ ಬರೂದು ಉಣ್ಣಾಕ ಅಷ್ಟ." ಸ್ವಲ್ಪ ಹೊತ್ತು ಕಾಳು ಬಿಡಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು, "ತೆಗದ ತಲಿ ಏನ ಮಾಡ್ತೀ?"

ನನ್ನ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ.

"ಬ್ಯಾಡ. ನನಗ ತಂದು ಕೊಡು."

ತಲೆ ತೆಗೆದದ್ದು ನಾನೇ. ಬಹಳ ಹುಷಾರಿಯಿಂದ, ರುಮಾಲಿನ ಒಂದು ಸುತ್ತೂ ಮುಕ್ಕಾಗದಂತೆ ತೆಗೆದು ನೀಲವ್ವನವರಿಗೆ ಮುಟ್ಟಿಸಿದೆ. ಹೊಸ ತಲೆ ಕೂಡಿಸಿದೆವು. ಚಳವಳಿಗಾರರು ಬದುಕಿನಲ್ಲಿ ಎಂದೂ ಕೋಟು ತೊಟ್ಟವರಲ್ಲ. ನಾನು ಅಷ್ಟು ಮುತುವರ್ಜಿಯಿಂದ ಮಾಡಿದ್ದ ಗುಂಡಿಗಳನ್ನು ಉಳಿಯಿಂದ ಕೆತ್ತಿ, ಮೇಲೆ ಖಾದಿ ಶಾಲು ಹೊದಿಸಿದಂತೆ ಸಿಮೆಂಟು ಮೆತ್ತಿದೆ. ಸಮಾರಂಭದ ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ಫಾತಿಮಾಬಿ ಮಾತ್ರ ಕಾಲು ನೋಡಿ, "ಇವ್ರು ನಮ್ಮವ್ರs ಅದಾರ" ಎಂದು ಮರುದಿನದಿಂದ ಮತ್ತೆ ಕೊತ್ತಂಬರಿ ಹರವತೊಡಗಿದಳು.

ಹಲವು ತಿಂಗಳ ಮೇಲೆ ನಾನು ಸಾವಕಾರ್ರ ಮನೆಯ ಮುಂದೆ ಹಾಯುತ್ತಿದ್ದೆ. ಮಾತಾಡಿಸಿ ಹೋಗೋಣ ಎಂದು ಮೆಟ್ಟಿಲು ಹತ್ತಿದವನು ಅಲ್ಲೇ ನಿಂತೆ. ಒಳಗೆ ನೀಲವ್ವನವರು ಯಾರಿಗೋ ಬಯ್ಯುತ್ತಿದ್ದರು. ಅಂಗಡಿ ನೋಡಿಕೊಳ್ಳುವ ಮೈದುನನ ಮಗನ ಸೋಮಾರಿತನ, ಅರಳೆಯ ಧಾರಣೆ ಇಳಿದದ್ದು, ಮಾಳಿಗೆ ಸೋರುವುದು, ಇದಕ್ಕೆಲ್ಲ ಮೊದಲೇ ಯೋಚನೆ ಮಾಡದವರ ಬುದ್ಧಿಗೇಡಿತನ. ಇಣುಕಿದೆ. ಸಾವಕಾರ್ರು ದಿನಾಲು ಕೂರುತ್ತಿದ್ದ ಗಾದಿಯ ಮೇಲೆ, ಲೋಡಿಗೆ ಆನಿಸಿ, ನಾನು ಕೊಟ್ಟ ಸಿಮೆಂಟಿನ ತಲೆಯನ್ನು ಇಟ್ಟಿದ್ದರು. ವಿಭೂತಿ ಇರಲಿಲ್ಲ, ಹೂವು ಇರಲಿಲ್ಲ, ಊದಿನಕಡ್ಡಿ ಇರಲಿಲ್ಲ.

ನನ್ನನ್ನು ನೋಡಿ ನೀಲವ್ವನವರು ನಾಚಲಿಲ್ಲ.

"ಬಾರಪಾ ರಾಮಣ್ಣಾ. ಏನ ಹಂಗ ನೋಡ್ತೀ? ನಾ ಏನ ಪೂಜಿ ಮಾಡಾಕತ್ತಿಲ್ಲ, ಮಾತಾಡಾಕತ್ತೇನಿ. ಮದುವ್ಯಾಗಿ ಬಂದಾಗಿಂದ ಇವರು ಮಾತಾಡಿದ್ರು, ನಾ ಕೇಳಿದೆ. ಈಗ ಪಾಳಿ ನಂದು."

ಎದ್ದು ಹೋಗಿ ನನಗೆ ಚಹಾ ತಂದುಕೊಟ್ಟರು. ಸೆರಗು ಸರಿಮಾಡಿಕೊಂಡು ಗಾದಿಯ ಎದುರು ಮತ್ತೆ ಕುಳಿತರು.

"ಎಲ್ಲೀತನಾ ಬಂದಿದ್ದೆ ನಾ?" ಎಂದು ಸಾವಕಾರ್ರನ್ನು ಕೇಳಿದರು.